ಸದ್ದಿಲ್ಲದೆ ಬೇಯುವ ಮರಿಕೋಸು

ಹನಕೆರೆ, ಬುಧವಾರ

ಮಗಳು ಶೋಭಿತಾಗೆ,

ಫೋನಿನಲ್ಲಿ ಹೇಳಿದರೆ ನಿಮ್ಮಪ್ಪನ ಕಿವಿಗೆ ಬೀಳುತ್ತದೆ, ಅದಕ್ಕೇ ಈ ಕಾಗದ.

ನೀನು ತಂದುಕೊಟ್ಟ ಮರಿಕೋಸನ್ನು, ಅದೇ ಆ ಬ್ರಸೆಲ್ಸ್ ಸ್ಪ್ರೌಟ್ಸನ್ನು, ಎರಡೆರಡು ಹೋಳು ಮಾಡಿ, ಒಂದು ಚಮಚ ಎಣ್ಣೆ ಸವರಿ, ಬಿಸಿಗಾಳಿಯಲ್ಲೇ ಬೇಯಿಸುವ ಆ ಏರ್ ಫ್ರೈಯರ್‌ಗೆ ಹಾಕಿದೆ. ಗರಿಗರಿಯಾಗಲಿಲ್ಲ. ತಪ್ಪು ಮಿಷನ್ನಿನದಲ್ಲ. ಮೂವತ್ತು ವರ್ಷ ಮದ್ದೂರಿನಲ್ಲಿ ವಡೆ ಕರಿದವರು ನಿಮ್ಮಪ್ಪ; ಎಣ್ಣೆಯ ಸದ್ದು ಅಡಗಿದ್ದು ಕೇಳಿಯೇ ವಡೆ ಎತ್ತುತ್ತಿದ್ದವರು. "ಇದು ಒಂದೇ ಸಮ ಗುಂಯ್ ಅಂತದೆ, ಬೆಂದದ್ದು ಎಂಗಮ್ಮಿ ಗೊತ್ತಾಯ್ತದೆ?" ಎಂದು ನಿಮಿಷಕ್ಕೊಮ್ಮೆ ಅದರ ಬುಟ್ಟಿ ಎಳೆದು ನೋಡಿದರು. ಕಾವೆಲ್ಲ ಹೋಯಿತು. ಮೆತ್ತಗಾದದ್ದನ್ನು ನಾನೇ ತಿಂದೆ. ಮೂರು ದಿನವೂ ಇದೇ ಕಥೆ. ಹಾರ್ಟ್ ಆಪರೇಷನ್ ಆದಾಗಿನಿಂದ ಅವರು ಗಂಜಿ ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ನನಗೂ ಸಾಕಾಗಿತ್ತು ಮಗಾ.

ಅಂಗಡಿ ಮುಚ್ಚಿದಾಗ ತಂದ ದೊಡ್ಡ ಬಾಣಲೆಯನ್ನು ಅವರು ಒಲೆಯ ಮೇಲಿಂದ ಇಳಿಸಲು ಬಿಟ್ಟಿರಲಿಲ್ಲ, ನಿನಗೇ ಗೊತ್ತು.

ನಿನ್ನೆ ಯಾಕೋ ಕೈಕಟ್ಟಿ ಕೂತರು. ಹದಿನೈದು ನಿಮಿಷ ಮಿಷನ್ ಮುಟ್ಟಲಿಲ್ಲ. ಕೋಸಿನ ಅಂಚೆಲ್ಲ ಕೆಂಪಗಾಗಿತ್ತು. ಒಂದನ್ನು ಕಚ್ಚಿದರು, ಕರುಂ ಎಂದದ್ದು ನನಗೂ ಕೇಳಿಸಿತು. ಚೆನ್ನಾಗಿದೆ ಎನ್ನಲಿಲ್ಲ. ನಾಲ್ಕು ತಿಂದು, "ಸೋಬಿತಾ ಬಂದಾಗ ಬಾಣಲೇನ ಅಟ್ಟಕ್ಕೆ ಆಕ್ಬುಡಿ" ಎಂದರು.

ಭಾನುವಾರ ಬಾ. ತುಕ್ಕು ಹಿಡಿಯದಿರಲೆಂದು ಅವರೇ ಅದಕ್ಕೆ ಎಣ್ಣೆ ಸವರಿದ್ದಾರೆ. ನನ್ನೊಬ್ಬಳಿಂದ ಎತ್ತಲಾಗದು. ಗೋಡೆಗೆ ತಾಗದಂತೆ ಹಿಡಿದುಕೊ, ಅದರ ಸದ್ದು ಅವರ ಕಿವಿಗೆ ಬೀಳುವುದು ಬೇಡ.

ನಿಮ್ಮವ್ವ,
ಮಂಚಮ್ಮ