ಕೋಳಿಗೆ ಕ್ಷಮಾದಾನ

ಪ್ರೀತಿಯ ವರ್ಲಿನ್,

ಬರೋ ಮಂಗಳವಾರ ಶ್ವೇತಭವನದಲ್ಲಿ ಅಧ್ಯಕ್ಷರು ನಮ್ಮ ಫಾರ್ಮಿನ ಟರ್ಕಿ ಕೋಳಿಗೆ ಕ್ಷಮಾದಾನ ಕೊಡ್ತಾರೆ. ನಗಬೇಡ ಕಣೋ. ಹಬ್ಬದೂಟಕ್ಕೆ ಕೊಯ್ಯದೆ ಕೋಳಿ ಬಿಡೋ ಶಾಸ್ತ್ರ ಈ ಸಲ ನಮ್ಮ ಪಾಲಿಗೆ ಬಂದಿದೆ. ಅದನ್ನ ಹಿಡ್ಕೊಂಡು ಅವರ ಪಕ್ಕದಲ್ಲಿ ನಿಲ್ಲೋಳು ನಾನೇ.

"ಜೈಲಲ್ಲಿರೋ ನನ್ನ ತಮ್ಮನಿಗೆ ಎದೆನೋವು, ಅವನನ್ನೂ ಬಿಟ್ಟುಬಿಡಿ ಸ್ವಾಮಿ" ಅಂತ ಅಲ್ಲೇ ಕೇಳಿಬಿಡೋಣ ಅಂತಿದ್ದೆ. ನಮ್ಮ ವಕೀಲರು ಬೈದರು: "ಅವನಿಗೆ ಶಿಕ್ಷೆ ಕೊಟ್ಟಿದ್ದು ರಾಜ್ಯದ ಕೋರ್ಟು, ಮಾರ್ಲಿಸ್. ಅಧ್ಯಕ್ಷರು ಮನಸ್ಸು ಮಾಡಿದ್ರೂ ಅದು ಅವರ ಕೈಲಿಲ್ಲ. ಗವರ್ನರನ್ನ ಕೇಳ್ಬೇಕು."

ಗವರ್ನರ್‌ಗೆ ಅರ್ಜಿ ಹಾಕಿದ್ದೀನಿ. ಉತ್ತರ ಬರೋವರೆಗೆ ಮಾತ್ರೆ ತಪ್ಪಿಸಬೇಡ. ಟೀವೀಲಿ ನನ್ನ ಕೈ ನಡುಗೋದು ಕಂಡ್ರೆ, ಕೋಳಿ ಒದ್ದಾಡ್ತಿದೆ ಅಂದ್ಕೋ.

ನಿನ್ನ ಅಕ್ಕ,
ಮಾರ್ಲಿಸ್