ಅಪ್ಪನ ಕಣ್ಣಿಗೆ ಹೊಂದಿಸಿದ ಕ್ಯಾಮೆರಾ

ಅಪ್ಪಾ,

ನೀನು ಹೋದ ಮೇಲೆ ಕಪಾಟಿನಲ್ಲೇ ಇದ್ದ ನಿನ್ನ ಕ್ಯಾಮೆರಾವನ್ನು ಇವತ್ತು ಕೊಟ್ಟುಬಿಟ್ಟೆ. ಹಕ್ಕಿಗಳ ಫೋಟೊ ತೆಗೆದು, ಎಲ್ಲರೂ ನೋಡಲೆಂದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಹಾಕುವ ಗುಂಪೊಂದಿದೆ. ಕ್ಯಾಮೆರಾ ಇಲ್ಲದ ತಮ್ಮ ಗುಂಪಿನವರಿಗೆ ಅವರು ಹೀಗೆ ಹಳೆಯದನ್ನು ಪಡೆದು ಒದಗಿಸುತ್ತಾರೆ.

ಅದನ್ನು ಒಯ್ಯಲು ಆ ಗುಂಪಿನಿಂದ ಬಂದ ಅಕ್ಕ ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟು ನೋಡಿ, "ಅಯ್ಯೋ, ಎಲ್ಲಾ ಮಬ್ಬು! ನಿಮ್ಮಪ್ಪ ಹಕ್ಕಿ ನೋಡ್ತಿದ್ರಾ, ಮೋಡ ನೋಡ್ತಿದ್ರಾ?" ಎಂದು ನಕ್ಕರು. ಕಿಂಡಿಯ ಪಕ್ಕದ ಪುಟ್ಟ ಚಕ್ರವನ್ನು ತಿರುಗಿಸಿ, ನೀನು ಅದನ್ನು ನಿನ್ನ ಕಣ್ಣಿನ ದೃಷ್ಟಿಗೆ ಹೊಂದಿಸಿಕೊಂಡಿದ್ದೆಯಂತೆ.

"ತಿರುಗಿಸ್ಬೇಡಿ, ಒಂದ್ಸಲ ನೋಡ್ತೀನಿ" ಎಂದೆ. ಮೇಜು, ಕಿಟಕಿ, ಅಕ್ಕ, ಎಲ್ಲವೂ ಮಸುಕು. ನಿನಗೆ ಇದೇ ಸ್ಪಷ್ಟವಾಗಿತ್ತು. ಇದರೊಳಗಿಂದ ನೋಡುತ್ತ "ಒಂದೇ ಒಂದು, ನಗು ಮಗಳೇ" ಎಂದಾಗಲೆಲ್ಲ ನಾನು ಮುಖ ಮುಚ್ಚಿಕೊಳ್ಳುತ್ತಿದ್ದೆ.

ಅಕ್ಕ ಚಕ್ರ ತಿರುಗಿಸಿ, "ನೋಡೋಣ, ನಿಂದೇ ಒಂದು ಫೋಟೊ ತೆಗೀಲಾ?" ಎಂದರು.

ಕೈ ಮುಖದವರೆಗೆ ಬಂತು. ಇಳಿಸಿ ನಕ್ಕೆ, ಅಪ್ಪಾ.