ಡಬ್ಬಿ ಬಿಟ್ಟು ನೋಡಿದ ನಾಟಕ

ಸಾಂಗ್ಲಿ, ಯುಗಾದಿಯ ಮರುದಿನ

ಸಲಗರೆಯ ಮಾವಶಿಯವರಿಗೆ ಪಾರಿಸನ ಜಯಜಿನೇಂದ್ರ. ಫೋನ್ ಮಾಡಿದರೆ ಪಕ್ಕದಲ್ಲಿರುವ ನಿಮ್ಮ ಸೊಸೆ ಜಿನಮತಿ ಕೇಳಿಸಿಕೊಳ್ಳುತ್ತಾಳೆ, ಅದಕ್ಕೇ ಈ ಕಾರ್ಡು.

ಇಪ್ಪತ್ತು ವರ್ಷ ಅರಿಶಿನ ಮಾರಲು ಬಂದು ಸಂಜೆ ಬಸ್ಸಿಗೆ ಮರಳಿದ ನನಗೆ ಈ ಊರಲ್ಲಿ ಇಷ್ಟು ಮೋಜಿದೆ ಎಂದು ಗೊತ್ತೇ ಇರಲಿಲ್ಲ. ನಿನ್ನೆ ಮಧ್ಯಾಹ್ನ ಶ್ರೀಖಂಡದ ಊಟ, ಆಮೇಲೆ ಮರಾಠಿ ನಾಟಕ. ಹೊತ್ತು ಮುಳುಗಿದ ಮೇಲೆ ಜಿನಮತಿ ಉಣ್ಣುವುದಿಲ್ಲವಲ್ಲ, ಹೊರಡುವಾಗ ರೊಟ್ಟಿ ಡಬ್ಬಿ ಎತ್ತಿಕೊಂಡಳು. "ದೊಡ್ಡ ಊರಾಗ ಬುತ್ತಿ ಹಿಡಕೊಂಡು ಹೋದ್ರ ಮಂದಿ ನಗತಾರ" ಎಂದು ಲಾಡ್ಜಿನಲ್ಲೇ ಬಿಡಿಸಿದೆ. ನಾಲ್ಕರ ನಾಟಕ ಆರಕ್ಕೆ ಮುಗಿಯುತ್ತದೆ, ಎದುರಿಗೇ ಹೋಟೆಲಿದೆ ಎಂಬುದು ನನ್ನ ಲೆಕ್ಕ.

ನಾಟಕ ಶುರುವಾದದ್ದೇ ಐದಕ್ಕೆ. ಆರೂಕಾಲಿಗೆ ಮಧ್ಯಂತರ. ಹೋಟೆಲಿಗೆ ಹೋಗಿ ಬರುವಷ್ಟು ಹೊತ್ತಿಲ್ಲ, ಎದ್ದೇ ಹೋಗೋಣವೆಂದರೆ ಅವಳಿಗೆ ಕಥೆಯ ಕೊನೆ ಬೇಕು. ಇನ್ನು ಉಪವಾಸವೇ ಎಂದು ಅವಳು ನನ್ನನ್ನು ದುರುಗುಟ್ಟಿ ನೋಡುತ್ತಿರುವಾಗ ಸುತ್ತಲೂ ಡಬ್ಬಿಗಳು ತೆರೆದುಕೊಂಡವು. ಹನ್ನೊಂದು ಎಣಿಸಿದೆ, ಎಲ್ಲಾ ನಮ್ಮ ಜೈನ ಮಂದಿಯವೇ! ಮುಂದಿನ ಸಾಲಿನ ರೇಷ್ಮೆ ಸೀರೆಯ ಹೆಂಗಸೊಬ್ಬರು ಹಿಂದಕ್ಕೆ ತಿರುಗಿ, "ಬರ್ರಿ ವೈನಿ, ಹೊತ್ತು ಮುಳುಗಾಕ ಇನ್ನೂ ಇಪ್ಪತ್ತು ಮಿನಿಟ ಐತಿ. ನಿಮ್ಮ ಯಜಮಾನ್ರು ಏನ್ ತಂದಾರ?" ಎಂದರು.

"ಟಿಕೀಟ ತಂದಾರ್ರಿ" ಎಂದಳು ನಿಮ್ಮ ಸೊಸೆ.

ನಾಟಕಕ್ಕೂ ಅಷ್ಟು ನಗು ಬಿದ್ದಿರಲಿಲ್ಲ.

ಆ ಹೆಂಗಸಿನ ಮೆಂತ್ಯದ ಥಾಲಿಪೀಠದಿಂದ ಅವಳ ಹೊಟ್ಟೆ ತುಂಬಿತು, ನನಗೂ ಅರ್ಧ ಸಿಕ್ಕಿತು. ಅವಳ ಮೊಣಕಾಲು ನೋವು ಇಳಿದಿದೆ, ಚಿಂತೆ ಬೇಡ. ಈಗ ಕೃಷ್ಣೆಯಲ್ಲಿ ದೋಣಿಗೆ ಹೊರಟಿದ್ದೇವೆ, ಆಟೋ ಬಂದು ನಿಂತಿದೆ. ಡಬ್ಬಿ ನನ್ನ ಬಗಲಲ್ಲಿದೆ. ಟಿಕೀಟು ಅವಳೇ ತೆಗೆಸುತ್ತಾಳಂತೆ.

ನಿಮ್ಮ ಪಾರಿಸ